ಟ್ರಂಕಿನಲ್ಲಿ ಬಚ್ಚಿಟ್ಟ ರೊಟ್ಟಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಆರಿಸಿ ಇಟ್ಟುಕೊಂಡೆ. ಬರೆದವರು ನಾಲ್ಕು ದಿಕ್ಕಿನವರು, ಒಬ್ಬರಿಗೊಬ್ಬರು ಗೊತ್ತಿಲ್ಲ. ಆದರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಮಾತು: ನಮ್ಮ ಮನೆಯವರು ಯಾಕೆ ಹೀಗೆ? ನಾನು ಯಾಕೆ ಹೀಗೆ? ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ನನ್ನ ಮನೆಯ ಕತೆಯೂ ಹೌದು.

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯಲ್ಲಿದ್ದೇವೆ. ನಮ್ಮ ಅತ್ತೆಯವರದು ಇಂಡಿ ತಾಲ್ಲೂಕಿನ ಹಳ್ಳಿ. ಮಾವ ತೀರಿಕೊಂಡ ಮೇಲೆ ಎರಡು ವರ್ಷದಿಂದ ನಮ್ಮ ಜೊತೆ ಇದ್ದಾರೆ. ಈಗ 66 ವರ್ಷ. ತುಂಬ ಒಳ್ಳೆಯವರು. ಆದರೆ ಊಟದ ವಿಷಯ ಬಂದರೆ ಬೇರೆಯೇ ಮನುಷ್ಯರಾಗಿಬಿಡುತ್ತಾರೆ. ಹಳಸಿದ ಅನ್ನ ಚೆಲ್ಲಲು ಬಿಡುವುದಿಲ್ಲ. ಬೆಲ್ಲ, ಶೇಂಗಾ ಎಲ್ಲ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಮೊನ್ನೆ ಟ್ರಂಕ್ ಸ್ವಚ್ಛ ಮಾಡಲು ತೆಗೆದರೆ ಸೀರೆಗಳ ಮಡಿಕೆಯೊಳಗೆ 18 ಜೋಳದ ರೊಟ್ಟಿ ಸಿಕ್ಕವು. ಕೆಲವಕ್ಕೆ ಹುಳ ಬಿದ್ದಿತ್ತು. ನನ್ನ ಮಗಳಿಗೆ ಏಳು ವರ್ಷ. ಅವಳು ತಟ್ಟೆಯಲ್ಲಿ ಎರಡು ತುತ್ತು ಬಿಟ್ಟರೂ ಕೈ ಹಿಡಿದು ಕೂರಿಸುತ್ತಾರೆ. ಈಗ ಅವಳಿಗೆ ಊಟ ಅಂದರೆ ಭಯ. ಗಂಡನಿಗೆ ಹೇಳಿದರೆ "ಅವ್ವ ಮೊದಲಿಂದಲೂ ಹಂಗೇ" ಅಂತಾರೆ. ನಾವೇನು ಅವರಿಗೆ ಹೊಟ್ಟೆಗೆ ಕಡಿಮೆ ಮಾಡಿದ್ದೇವಾ? ಇದು ಜಿಪುಣತನವಾ, ಕಾಯಿಲೆಯಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ನಿಮ್ಮ ಪತ್ರ ಓದುತ್ತಾ ನಾನು ಎರಡು ಕಡೆ ನಿಂತೆ. ಒಂದು, ಇಂಡಿ ತಾಲ್ಲೂಕು. ಇನ್ನೊಂದು, 66 ವರ್ಷ. ಸುಮ್ನೆ ಲೆಕ್ಕ ಹಾಕಿ ನೋಡಿ. 1972ರ ಬರಗಾಲದಲ್ಲಿ ನಿಮ್ಮ ಅತ್ತೆಗೆ ಹನ್ನೆರಡೋ ಹದಿಮೂರೋ ವರ್ಷ.

ನನಗೆ ಆಗ ಒಂಬತ್ತು. ನಮ್ಮೂರು ಸಿಂದಗಿ ಕಡೆ, ನಿಮ್ಮ ಅತ್ತೆಯ ಊರಿಂದ ಬಹಳ ದೂರವಿಲ್ಲ. ನಮ್ಮ ಕಡೆ ಆಗ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿದ ಗುಂಡಿ ಅದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೂ ಹಗೇವಿನಲ್ಲಿ ಕಾಳಿದೆ ಎನ್ನುವ ಧೈರ್ಯ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಬೇಕು. ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಆ ವರ್ಷ ನಮ್ಮ ಅಪ್ಪ ಕಂದೀಲು ಇಳಿಬಿಟ್ಟು ಒಳಗೆ ನೋಡಿದ. ಏನೂ ಮಾತಾಡಲಿಲ್ಲ. ಮತ್ತೆ ಕಲ್ಲು ಮುಚ್ಚಿದ. ಇವತ್ತಿಗೂ ಬರಗಾಲ ಅಂದರೆ ನನ್ನ ಕಣ್ಣಿಗೆ ಬರುವುದು ಒಣಗಿದ ಹೊಲ ಅಲ್ಲ, ಅಪ್ಪ ಕಲ್ಲು ಮುಚ್ಚಿದ್ದು.

ಅರ್ಧ ಊರು ಗುಳೆ ಹೋಯಿತು. ಅವ್ವ ಬರಗಾಲದ ಕೆಲಸಕ್ಕೆ ಹೋಗಿ ಜಲ್ಲಿ ಒಡೆದಳು. ಸರ್ಕಾರದಿಂದ ಕೆಂಪು ಜೋಳ ಬಂತು. ಅದರ ರೊಟ್ಟಿ ಬಡಿಯಲು ಹೋದರೆ ಕೈಯಲ್ಲೇ ಒಡೆಯುತ್ತಿತ್ತು. ನುಚ್ಚು ಕುದಿಸಿ ಕುಡಿಯುತ್ತಿದ್ದೆವು. ನಾವು ಐದು ಮಕ್ಕಳು. ಅವ್ವ ಬಡಿಸುವಾಗ ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ಕೇಳುತ್ತಿತ್ತು. ಆ ಸದ್ದು ಬಂದ ಮೇಲೆ ಯಾರೂ ಇನ್ನಷ್ಟು ಕೇಳುತ್ತಿರಲಿಲ್ಲ.

ಮುಂದೆ ಎಲ್ಲ ಸರಿಹೋಯಿತು. ಅಣ್ಣನಿಗೆ ನೌಕರಿ ಆಯಿತು, ನಾನು ಹೈಸ್ಕೂಲ್ ಟೀಚರ್ ಆದೆ. ಮನೆಯಲ್ಲಿ ಚೀಲಗಟ್ಟಲೆ ಅಕ್ಕಿ, ಜೋಳ. ಆದರೂ ನಮ್ಮವ್ವ ಸಾಯುವ ತನಕ, ರಾತ್ರಿ ಮಲಗುವ ಮುಂಚೆ ಒಂದು ರೊಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಮಲಗುತ್ತಿದ್ದಳು. ನಾನು ಎಷ್ಟೋ ಸಲ ಬೈದಿದ್ದೇನೆ. ಇರುವೆ ಬರುತ್ತವೆ ಅಂದಿದ್ದೇನೆ. ಅಳಿಯ ನೋಡಿದರೆ ಏನಂದುಕೊಂಡಾನು ಅಂದಿದ್ದೇನೆ. ಅವಳು ಹೇಳಿದ್ದು ಒಂದೇ ಮಾತು: "ಇರ್ಲಿ ಬಿಡವ್ವಾ. ಅದು ಇದ್ರ ನಿದ್ದಿ ಬರ್ತದ." ನಾನು ಅವಳಿಗೆ ಅಷ್ಟು ಸಲ ಬೈದದ್ದು ಈಗ ನೆನೆದರೆ ಸಂಕಟವಾಗುತ್ತದೆ.

ಬಹಳ ವರ್ಷದ ಮೇಲೆ, ಆಪ್ತಸಮಾಲೋಚನೆ ಕಲಿಯುವಾಗ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಬಗ್ಗೆ ಓದಿದೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳವು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 1945ರಲ್ಲಿ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸುವುದು ಹೇಗೆ ಎಂದು ತಿಳಿಯಬೇಕಿತ್ತು. ಆ ಯುವಕರು ಮನಃಪೂರ್ವಕ ಒಪ್ಪಿ ಬಂದವರು, ಓದಿದವರು. ಪ್ರಯೋಗ ಮುಗಿದರೆ ಊಟ ಸಿಗುತ್ತದೆ ಎಂದೂ ಗೊತ್ತಿತ್ತು. ಆದರೂ ಏನಾಯಿತು ನೋಡಿ. ತಟ್ಟೆ ನೆಕ್ಕತೊಡಗಿದರು. ದಿನವಿಡೀ ಊಟದ್ದೇ ಮಾತು, ಊಟದ್ದೇ ಕನಸು. ಅಡುಗೆ ಪುಸ್ತಕ ಕೂಡಿಹಾಕಿದರು. ಕೆಲವರು ಬೇಕಿಲ್ಲದ ಹಳೇ ಸಾಮಾನೆಲ್ಲ ತಂದು ಗುಡ್ಡೆ ಹಾಕಿದರು. ಹಸಿದದ್ದು ಹೊಟ್ಟೆ, ಆದರೆ ಕೂಡಿಡುವ ಚಟ ಹತ್ತಿದ್ದು ಕೈಗೆ! ದೊಡ್ಡವರಿಗೆ, ಆರೇ ತಿಂಗಳಿಗೆ ಇಷ್ಟು. ಹನ್ನೆರಡು ವರ್ಷದ ಹುಡುಗಿಗೆ, ಈ ಹಸಿವು ಯಾವಾಗ ಮುಗಿಯುತ್ತದೆ ಎಂದೇ ಗೊತ್ತಿಲ್ಲದೆ ಹೋದರೆ?

ಹಾಗಾಗಿ ಜಿಪುಣತನ ಅನ್ನಬೇಡಿ. ನೀವು ಹೊಟ್ಟೆಗೆ ಕಡಿಮೆ ಮಾಡಿದ್ದೀರಿ ಎಂದೂ ಅಲ್ಲ. ಅವರ ಕೈ ಆ ವರ್ಷ ಕಲಿತ ಕೆಲಸವನ್ನು ಈಗಲೂ ಮಾಡುತ್ತಿದೆ, ಅಷ್ಟೆ. ಅವತ್ತು ಆ ಕೆಲಸ ಸರಿಯಾಗಿಯೇ ಇತ್ತು. ಇನ್ನೂ ಒಂದು ವಿಷಯ ಯೋಚಿಸಿ. ಇಂಡಿಯಲ್ಲಿ ಅಡುಗೆಮನೆ ಅವರದಾಗಿತ್ತು. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಈಗ ಗಂಡನೂ ಇಲ್ಲ, ಅಡುಗೆಮನೆಯೂ ಇಲ್ಲ. ತಮ್ಮದು ಅಂತ ಉಳಿದದ್ದು ಆ ಟ್ರಂಕ್ ಒಂದೇ.

ಏನು ಮಾಡಬಹುದು? ಮೊದಲಿಗೆ, ಅವರಿಲ್ಲದಾಗ ಟ್ರಂಕ್ ತೆಗೆಯಬೇಡಿ. ಬಿಗಿ ಮುಚ್ಚಳದ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದು ಅವರ ಕೈಗೆ ಕೊಡಿ. ಖಡಕ್ ರೊಟ್ಟಿ ಹೇಗೂ ವಾರಗಟ್ಟಲೆ ಇರುತ್ತದೆ. "ಅತ್ತೆ, ಇದು ನಿಮ್ಮ ಡಬ್ಬಿ, ಇದು ಖಾಲಿಯಾಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ" ಅನ್ನಿ. ವಾರಕ್ಕೊಮ್ಮೆ ಇಬ್ಬರೂ ಕೂತು ಹಳೆಯದು ತೆಗೆದು ಹೊಸದು ತುಂಬಿ. ಹೊಸದು ಒಳಗೆ ಹೋದದ್ದನ್ನು ಕಣ್ಣಿಂದ ನೋಡಿದ ಮೇಲೆ ಹಳೆಯದನ್ನು ಬಿಡುವುದು ಅವರಿಗೆ ಸುಲಭ. ಮೊದಲು ಖಾಲಿ ಮಾಡಿ ಆಮೇಲೆ ತುಂಬಲು ಹೋಗಬೇಡಿ. ಆ ನಡುವಿನ ಎರಡು ನಿಮಿಷ ಅವರಿಗೆ ಕಷ್ಟ.

ಎರಡನೆಯದು, ಕೇಳಿ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುವ ಹಾಗೆ ಬೇಡ. ಶೇಂಗಾ ಸುಲಿಯುವಾಗಲೋ ಮೆಂತ್ಯ ಸೊಪ್ಪು ಬಿಡಿಸುವಾಗಲೋ ಮೆಲ್ಲಗೆ ಕೇಳಿ: "ಅತ್ತೆ, ಆ ಬರಗಾಲದಲ್ಲಿ ನಿಮ್ಮನೇಲಿ ಏನು ತಿಂತಿದ್ರಿ?" ನಾನು ನನ್ನವ್ವನಿಗೆ ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. ನಿಮ್ಮ ಮಗಳೂ ಅಲ್ಲೇ ಇರಲಿ, ಕೇಳಿಸಿಕೊಳ್ಳಲಿ.

ಆದರೆ ಮಗುವಿನ ಕೈ ಹಿಡಿದು ಕೂರಿಸುವುದು ನಿಲ್ಲಲೇಬೇಕು. ಇದರಲ್ಲಿ ರಾಜಿ ಇಲ್ಲ. ಅಜ್ಜಿಯ ಹಸಿವಿಗೆ ಮೊಮ್ಮಗಳು ದಂಡ ಕಟ್ಟಬಾರದು. ಇಲ್ಲದಿದ್ದರೆ ಆ ಬರಗಾಲ, ಅದನ್ನು ನೋಡದವಳ ತಟ್ಟೆಗೂ ಬಂದ ಹಾಗಾಯಿತು. ಈ ಮಾತನ್ನು ನಿಮ್ಮ ಗಂಡ ಹೇಳಬೇಕು, ನೀವಲ್ಲ. ತಾಯಿಗೆ ಮಗ ಹೇಳಿದರೆ ಅದು ಮನೆಯ ಮಾತು. ಸೊಸೆ ಹೇಳಿದರೆ ಜಗಳ. ಮಗುವಿಗೆ ಮೊದಲು ಸ್ವಲ್ಪವೇ ಬಡಿಸಿ, ಬೇಕಾದರೆ ಅವಳೇ ಮತ್ತೆ ಕೇಳಲಿ. ತಟ್ಟೆ ಖಾಲಿಯಾದರೆ ಅಜ್ಜಿಗೂ ಸಮಾಧಾನ.

ಒಂದು ಎಚ್ಚರಿಕೆ. ಗಂಡ ಹೇಳುವಂತೆ ಮೊದಲಿನಿಂದ ಹೀಗೇ ಇದ್ದರೆ ಮೇಲೆ ಹೇಳಿದ್ದು ಸಾಕು. ಎರಡು ವರ್ಷದಿಂದ ಜಾಸ್ತಿಯಾಗಿದ್ದರೆ, ಜೊತೆಗೆ ಹೆಸರು, ದಿನ ಮರೆಯುವುದು, ಇಟ್ಟದ್ದು ಎಲ್ಲಿ ಎಂದು ತಿಳಿಯದೆ ಇರುವುದು ಇದ್ದರೆ, ಒಮ್ಮೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಟಿಪ್ಪರ್ ಓಡಿಸುತ್ತೇನೆ. 41 ವರ್ಷ. ನಮ್ಮಪ್ಪ ದನ ಕಟ್ಟುವ ಹಗ್ಗದಲ್ಲಿ ಹೊಡೆಯುತ್ತಿದ್ದರು. ನನ್ನ ಮಕ್ಕಳ ಮೇಲೆ ಕೈ ಎತ್ತಲ್ಲ ಅಂತ ಮದುವೆಗೆ ಮುಂಚೆಯೇ ಆಣೆ ಮಾಡಿಕೊಂಡಿದ್ದೆ. ಕಳೆದ ತಿಂಗಳು ಮಗ ನನ್ನ ಮೊಬೈಲ್ ಬೀಳಿಸಿ ಸ್ಕ್ರೀನ್ ಒಡೆದ. ಅವನಿಗೆ ಒಂಬತ್ತು ವರ್ಷ. ಬೆಲ್ಟ್ ಬಿಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಬಾಯಿಂದ ಬಂದ ಬೈಗುಳವೂ ನಮ್ಮಪ್ಪನದೇ. ಆವತ್ತಿಂದ ನಾನು ಮನೆಗೆ ಬಂದ ತಕ್ಷಣ ಮಗ ಎದ್ದು ಹೋಗಿ ನನ್ನ ಚಪ್ಪಲಿ ಜೋಡಿಸಿ ಇಡುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ. ಹೆಂಡತಿ "ಎಷ್ಟು ಒಳ್ಳೆ ಹುಡುಗ ಆಗಿದಾನೆ ನೋಡ್ರಿ" ಅಂತಾಳೆ. ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ನಮ್ಮಣ್ಣ, "ಅಪ್ಪ ಹೊಡೆದಿದ್ದಕ್ಕೇ ನಾವು ಮನುಷ್ಯರಾಗಿದ್ದು" ಅಂತಾನೆ. ಹೌದಾ ಮೇಡಂ?
— ಒಬ್ಬ ಅಪ್ಪ, ತುಮಕೂರು ಜಿಲ್ಲೆ

ಉತ್ತರ: ಇಲ್ಲ ತಮ್ಮಾ. ನಿಮ್ಮಣ್ಣನ ಮಾತು ನಾನು ಒಪ್ಪುವುದಿಲ್ಲ. ಅಷ್ಟು ಹೊಡೆತ ತಿಂದೂ ನೀವು ಮನುಷ್ಯರಾಗಿದ್ದೀರಿ. ಅದರ ಪುಣ್ಯ ನಿಮ್ಮ ತಾಯಿಗೋ, ಯಾರೋ ಮೇಷ್ಟ್ರಿಗೋ, ನಿಮಗೋ ಸೇರಬೇಕು. ಹಗ್ಗಕ್ಕಲ್ಲ.

ಚಪ್ಪಲಿಯ ವಿಷಯ ನಿಮ್ಮ ಹೆಂಡತಿಗೆ ಗೊತ್ತಾಗಲಿಲ್ಲ, ನಿಮಗೆ ಗೊತ್ತಾಯಿತು. ಯಾಕೆ ಅಂದರೆ ನೀವೂ ಚಿಕ್ಕವರಿದ್ದಾಗ ಏನನ್ನೋ ಹೀಗೆ ಜೋಡಿಸಿ ಇಡುತ್ತಿದ್ದಿರಿ ಅಂತ ನನಗೆ ಅನಿಸುತ್ತದೆ. ಅಪ್ಪನ ಸೈಕಲ್ ಒರೆಸುತ್ತಿದ್ದಿರೋ, ನೀರಿನ ಚೊಂಬು ತುಂಬಿಸುತ್ತಿದ್ದಿರೋ. ಸಿಟ್ಟು ಬರುವ ಮುಂಚೆಯೇ ಅದನ್ನು ತಣ್ಣಗೆ ಮಾಡುವ ಕೆಲಸ ಅದು. ನೋಡುವವರಿಗೆ ವಿಧೇಯತೆಯ ಹಾಗೆ ಕಾಣುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೊದಲ ಬೆಂಚು. ನಾನು ಬೋರ್ಡಿಗೆ ಬರೆಯಲು ಕೈ ಎತ್ತಿದರೆ ಸಾಕು, ಅವನ ಮೊಣಕೈ ಮುಖದ ಮುಂದೆ ಬರುತ್ತಿತ್ತು. ನಾನು ಅವನಿಗೆ ಹೊಡೆದಿರಲಿಲ್ಲ. ಆದರೆ ಬೇರೆಯವರಿಗೆ ಹೊಡೆದಿದ್ದೆ. ಮೊದಲ ಏಳು ವರ್ಷ ನನ್ನ ಮೇಜಿನ ಮೇಲೂ ಬೆತ್ತ ಇತ್ತು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ನನ್ನ ಬೆತ್ತ ಬಿಡಿಸಿದ್ದು ಅದಕ್ಕಿಂತ ಎಷ್ಟೋ ಮೊದಲು, ಆ ಹುಡುಗನ ಮೊಣಕೈ.

ಗೊತ್ತೇ ಆಗದೆ ಬೆಲ್ಟ್ ಬಿಚ್ಚಿದೆ ಅಂದಿರಲ್ಲ, ಅದು ನಿಜ ಇರಬಹುದು. ಮಕ್ಕಳು ನೋಡಿಯೇ ಕಲಿಯುತ್ತಾರೆ. ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1961ರಲ್ಲಿ ಶಿಶುವಿಹಾರದ 72 ಮಕ್ಕಳ ಜೊತೆ ಒಂದು ಪ್ರಯೋಗದ ಫಲ ಪ್ರಕಟಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು, ಒದೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು. ಆಮೇಲೆ ಆ ಮಕ್ಕಳನ್ನು ಗೊಂಬೆ ಇರುವ ಕೋಣೆಗೆ ಬಿಟ್ಟರು. ನೋಡಿದ್ದ ಮಕ್ಕಳು ಬೇರೆಯವರಿಗಿಂತ ಜಾಸ್ತಿ ಹೊಡೆದರು. ಬರೀ ಹೊಡೆಯಲಿಲ್ಲ. ದೊಡ್ಡವರು ಹೊಡೆದ ರೀತಿಯಲ್ಲೇ, ಅವರು ಆಡಿದ ಮಾತನ್ನೇ ಆಡುತ್ತಾ ಹೊಡೆದರು. ನಿಮ್ಮ ಬಾಯಿಗೆ ಅಪ್ಪನ ಬೈಗುಳ ಬಂದದ್ದು ಹೀಗೇ.

ಆದರೆ ಹೀಗಾಯಿತು ಎಂದು ತಿಳಿದರೆ ತಪ್ಪು ಹಗುರವಾಗುವುದಿಲ್ಲ. ಹೊಡೆದ ಕೈ ನಿಮ್ಮದು. ಮಗನ ಪಕ್ಕ ಕೂತು, "ನಾನು ನಿನಗೆ ಹೊಡೆದದ್ದು ತಪ್ಪು" ಅನ್ನಿ. ಅಲ್ಲಿಗೆ ನಿಲ್ಲಿಸಿ. "ಆದರೆ ನೀನೂ ಮೊಬೈಲ್..." ಅಂತ ಮುಂದುವರಿಸಬೇಡಿ. ಇನ್ನು ಮುಂದೆ ಮನೆಗೆ ಬಂದ ಕೂಡಲೇ ಬೆಲ್ಟ್ ತೆಗೆದು ಬೀರುವಿನಲ್ಲಿಟ್ಟು ಲುಂಗಿ ಉಟ್ಟುಕೊಳ್ಳಿ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಕೈಗೆ ಸಿಗದಿದ್ದರೆ ಕೈ ಹೋಗುವುದಿಲ್ಲ. ಸಿಟ್ಟು ಬರುವ ಮುಂಚೆ ಮೈ ಹೇಳುತ್ತದೆ. ಕಿವಿ ಬಿಸಿಯಾಗುತ್ತದೆ, ದವಡೆ ಬಿಗಿಯುತ್ತದೆ. ಆಗಲೇ ಎದ್ದು ಹೊರಗೆ ಹೋಗಿ. ಹೋಗುವಾಗ "ಬರ್ತೀನಿ" ಎಂದು ಹೇಳಿಯೇ ಹೋಗಿ. ಚಪ್ಪಲಿಯನ್ನು ನಾಳೆಯಿಂದ ನೀವೇ ಜೋಡಿಸಿ, ಅವನದನ್ನೂ ಸೇರಿಸಿ.

ಒಂದೇ ಸಲಕ್ಕೆ ಅವನು ನಂಬುವುದಿಲ್ಲ. ಮುಂದೊಮ್ಮೆ ಅವನ ಕೈಯಿಂದ ಲೋಟವೋ ತಟ್ಟೆಯೋ ಬೀಳುತ್ತದೆ. ಆಗ ಅವನು ನಿಮ್ಮ ಮುಖ ನೋಡುವ ಮೊದಲು ನಿಮ್ಮ ಕೈ ನೋಡುತ್ತಾನೆ. ಒಬ್ಬರೇ ಇದನ್ನು ನಿಭಾಯಿಸುವುದು ಕಷ್ಟ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ, ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಟಿಪ್ಪರ್ ಪಕ್ಕಕ್ಕೆ ನಿಲ್ಲಿಸಿಕೊಂಡೂ ಮಾತಾಡಬಹುದು.

ಪ್ರಶ್ನೆ: ಮದುವೆಯಾಗಿ ಒಂದು ವರ್ಷ. ಗಂಡ ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವರು. ಐದು ನಿಮಿಷದಲ್ಲಿ ಊಟ ಮುಗಿಸುತ್ತಾರೆ, ತಟ್ಟೆ ತಾವೇ ತೊಳೆಯುತ್ತಾರೆ, ಬಟ್ಟೆ ತಾವೇ ಒಗೆಯುತ್ತಾರೆ. ಗೆಳತಿಯರು ಪುಣ್ಯವಂತೆ ಅಂತಾರೆ. ಆದರೆ ಹೋದ ವಾರ ಮೂರು ದಿನ ಜ್ವರ ಇತ್ತಂತೆ, ನನಗೆ ಹೇಳಲೇ ಇಲ್ಲ. ಖಾಲಿ ಮಾತ್ರೆ ಪಟ್ಟಿ ನೋಡಿ ಗೊತ್ತಾಯಿತು. ನಾನು ಅವರಿಗೆ ಬೇಡವಾ?
— ಶಿವಮೊಗ್ಗ

ಉತ್ತರ: ಬೇಕು ಮಗಳೇ. ಕೇಳುವುದು ಹೇಗೆ ಎಂದು ಅವರಿಗೆ ಗೊತ್ತಿಲ್ಲ.

ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಮೊದಲು ಉಗಾಂಡದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದವರು. ಬಾಲ್ಟಿಮೋರ್‌ನಲ್ಲಿ ಅವರು ಒಂದು ವರ್ಷದ ಮಕ್ಕಳನ್ನು ಆಟಿಕೆ ಇರುವ ಕೋಣೆಯಲ್ಲಿ ಬಿಟ್ಟು, ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ನೋಡಿದರು. ಬಹಳ ಮಕ್ಕಳು ಅತ್ತು, ತಾಯಿ ಬಂದ ಮೇಲೆ ಸಮಾಧಾನವಾದರು. ಕೆಲವು ಮಕ್ಕಳು ಅಳಲಿಲ್ಲ, ತಾಯಿ ಮರಳಿ ಬಂದಾಗ ತಿರುಗಿಯೂ ನೋಡಲಿಲ್ಲ. ಆಟಿಕೆಯೇ ಸಾಕು ಎನ್ನುವ ಹಾಗಿದ್ದರು. ಮುಂದೆ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದರು. ಅತ್ತವರ ಎದೆಯ ಹಾಗೆಯೇ ಇವರ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಒಂದು ವರ್ಷದ ಮಗುವೂ ಹತ್ತು ದಾಟಿದ ಹುಡುಗನೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ರಾತ್ರಿ ಜ್ವರ ಬಂದಾಗ ಎಬ್ಬಿಸಲು ಯಾರೂ ಇಲ್ಲದ ಕೋಣೆಯಲ್ಲಿ, ಮೂವತ್ತು ಹುಡುಗರ ನಡುವೆ, ಹೊದಿಕೆ ಎಳೆದುಕೊಂಡು ಮಲಗುವುದನ್ನು ಅವರು ಕಲಿತಿರಬಹುದು. ಬೇಗ ಉಣ್ಣದಿದ್ದರೆ ಸಾರು ಮುಗಿಯುತ್ತಿತ್ತೇನೋ. ಅದೇ ಹಾಸ್ಟೆಲ್ ಅವರಿಗೆ ಓದು, ಗೆಳೆಯರು, ತನ್ನ ಕೆಲಸ ತಾನು ಮಾಡುವ ಗುಣ ಎಲ್ಲ ಕೊಟ್ಟಿದೆ. ಅದನ್ನು ಹಳಿಯಬೇಡಿ.

"ಯಾಕೆ ಹೇಳಲಿಲ್ಲ?" ಎಂದು ಕೇಳಿದರೆ ಅದು ತಪ್ಪು ಹಿಡಿದ ಹಾಗೆ ಕೇಳಿಸುತ್ತದೆ. ಬದಲಿಗೆ ನೀವೇ ಕೇಳಲು ಶುರು ಮಾಡಿ. "ಇವತ್ತು ತಲೆ ನೋಯ್ತಿದೆ, ಒಂದು ಲೋಟ ಕಾಫಿ ಮಾಡ್ತೀರಾ?" ಅನ್ನಿ. ಕೇಳುವುದು ನಾಚಿಕೆಯಲ್ಲ ಎಂದು ಅವರು ನೋಡಲಿ. ಯಾವಾಗಲಾದರೂ ಊಟದ ಹೊತ್ತಿಗೆ, "ಹಾಸ್ಟೆಲಿನಲ್ಲಿ ಜ್ವರ ಬಂದ್ರೆ ಯಾರು ನೋಡ್ಕೊತಿದ್ರು?" ಅಂತ ಕೇಳಿ. ಉತ್ತರ ಬರಲು ತಡವಾದರೂ ಕಾಯಿರಿ, ನೀವೇ ಮಾತು ತುಂಬಬೇಡಿ. ಒಂದು ವರ್ಷ ಏನೂ ಜಾಸ್ತಿ ಅಲ್ಲ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ನಮ್ಮಪ್ಪ ದಿನಾ ಕುಡಿಯುತ್ತಾರೆ, ಜಗಳ ಆಗುತ್ತದೆ. "ರಕ್ತದಲ್ಲೇ ಬಂದಿದೆ, ನೀನೂ ಹಾಗೇ ಆಗ್ತೀ" ಅಂತ ಮಾವ ಹೇಳಿದರು. ನಿಜವಾ ಟೀಚರ್? ಈ ಪತ್ರ ನಮ್ಮ ಓಣಿಯ ಟೇಲರ್ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಾತ್ರಿ ಹತ್ತರವರೆಗೆ ಇಲ್ಲೇ ಓದುತ್ತೇನೆ. ಕೆಲಸ ಮುಗಿದರೂ ಅವರು ನನಗೋಸ್ಕರ ಲೈಟ್ ಹಾಕಿ ಇಡುತ್ತಾರೆ.
— ರಾಯಚೂರು

ಉತ್ತರ: ಮಗೂ, ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಕುಡಿತದ ಚಟದಲ್ಲಿ ವಂಶದಿಂದ ಬರುವ ಪಾಲು ಸಾಕಷ್ಟು ಇದೆ. ಹಾಗಾಗಿ ಮೊದಲ ಗ್ಲಾಸಿನ ವಿಷಯದಲ್ಲಿ ನೀನು ನಿನ್ನ ಗೆಳೆಯರಿಗಿಂತ ಜಾಸ್ತಿ ಎಚ್ಚರವಾಗಿರಬೇಕು. ಮುಟ್ಟದೇ ಇದ್ದರೆ ಇನ್ನೂ ಒಳ್ಳೆಯದು. ಆದರೆ ನೀನೂ ಹಾಗೇ ಆಗ್ತೀ ಎನ್ನುವುದು ಸುಳ್ಳು.

ಹವಾಯಿಯ ಕೌವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಯವರು ದಶಕಗಟ್ಟಲೆ ಹಿಂಬಾಲಿಸಿ ನೋಡಿದರು. ಕೆಲವು ಮಕ್ಕಳಿಗೆ ಬಡತನ, ಮನೆಯಲ್ಲಿ ಜಗಳ, ಕುಡಿತ, ಎಲ್ಲ ಒಟ್ಟಿಗೇ ಇತ್ತು. ಅಂಥವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದು ದೊಡ್ಡವರಾದರು. ಓದಿದರು, ದುಡಿದರು, ಇನ್ನೊಬ್ಬರನ್ನು ನೋಡಿಕೊಂಡರು. ಅವರ ಬಾಳಿನಲ್ಲಿ ಏನಿತ್ತು ಎಂದು ಹುಡುಕಿದಾಗ ಮತ್ತೆ ಮತ್ತೆ ಕಂಡದ್ದು ಒಂದು: ಕೈಬಿಡದ ಒಬ್ಬ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕೆಂದಿರಲಿಲ್ಲ. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರಾದರೂ ಸರಿ.

ಆ ಟೇಲರ್ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸು. ಪರೀಕ್ಷೆ ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಕೂತು ಇನ್ನೊಂದು ಪತ್ರ ಬರೆ.